ಹುಣಸೆಹುಳಿ ತಿಂದ ಕಣ್ಣು

ಹಿತ್ತಾಳೆಗೆ ಹುಣಸೆಹಣ್ಣು, ತಾಮ್ರಕ್ಕೆ ನಿಂಬೆಸಿಪ್ಪೆ ಮತ್ತು ಉಪ್ಪು, ಬೆಳ್ಳಿಗೆ ವಿಭೂತಿ. ಇಷ್ಟು ಗೊತ್ತಿದ್ದರೆ ಯಾವ ಊರಿನಲ್ಲಾದರೂ ಪಾತ್ರೆ ತಿಕ್ಕಿ ಬದುಕಬಹುದು. ನಾನು ಪುಣೆಯಲ್ಲಿ ಹಾಗೇ ಬದುಕಿದೆ. ಈಗ ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿಗಳು ಬಂದಿವೆ. ಅವುಗಳೊಳಗೆ ಏನಿದೆಯೋ ನನಗೆ ತಿಳಿಯದು. ಹುಣಸೆಹಣ್ಣಿನಲ್ಲಿ ಏನಿದೆ ಎಂದು ನಾಲಿಗೆಯ ಮೇಲಿಟ್ಟರೆ ತಿಳಿಯುತ್ತದೆ. ಆದರೆ ಅದಕ್ಕೊಂದು ಗುಣ. ಕೊಳೆ ಯಾವುದು, ಬಣ್ಣ ಯಾವುದು ಎಂದು ಅದು ಕೇಳುವುದಿಲ್ಲ. ಒಂದು ವರ್ಷ ಅದು ನಾವಿದ್ದ ಕೋಣೆಯನ್ನೇ ನುಂಗಲು ಬಾಯಿ ತೆರೆದಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಯಾದಗಿರಿ ಕಡೆಯವರು. ಗಂಡ ತೀರಿಕೊಂಡ ಮೇಲೆ ನಾನು ಮಗನ ಹಿಂದೆ ಪುಣೆಗೆ ಬಂದೆ. ಮಗನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬ್ ಹಾಕುವ ಮೊದಲು ಹಲಗೆ ಕಟ್ಟುವುದು. ಆ ವರ್ಷ ರಾಂಜಣಗಾಂವದಲ್ಲಿ ಕಾರ್ಖಾನೆ ಕಟ್ಟುತ್ತಿದ್ದರು. ಅವನು ಅಲ್ಲೇ ಉಳಿದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಉಳಿದ ದಿನ ನಾನು ಮತ್ತು ಸೊಸೆ ಇಬ್ಬರೇ. ಸೊಸೆಗೆ ದಿನ ತುಂಬುತ್ತಿದ್ದವು.

ಅವಳ ಮೊದಲ ಕೂಸು ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ಹುಟ್ಟಿತು. ಕಡು ಬೇಸಿಗೆ. ಮೇಲಿನ ತಗಡು ಹೆಂಚಿನ ಹಾಗೆ ಕಾಯುತ್ತಿತ್ತು. ಟ್ಯಾಂಕರ್ ಬಂದರೆ ನೀರು, ಬಾರದಿದ್ದರೆ ಇಲ್ಲ. ಕೂಸು ಉಳಿಯಲಿಲ್ಲ. ಎರಡನೆಯದಕ್ಕಾದರೂ ಗೋಡೆ ಇರಬೇಕು, ನಳ ಇರಬೇಕು ಎಂದು ನಿಗಡಿಯಲ್ಲಿ ಒಂದು ಮನೆಯ ಹಿಂದಿನ ಕೋಣೆ ಹಿಡಿದೆವು. ಆ ಕೋಣೆ ಸುಲಭಕ್ಕೆ ಸಿಕ್ಕಿದ್ದಲ್ಲ. ಕಟ್ಟಡ ಕೆಲಸದವರು, ಅದರಲ್ಲೂ ಕಾನಡಿಗಳು, ಅಂದರೆ ಕನ್ನಡದವರು, ಎಂದರೆ ಬಾಗಿಲಲ್ಲೇ ಕೈ ಆಡಿಸಿ ಕಳಿಸುತ್ತಿದ್ದರು.

ಮನೆಯೊಡತಿಯನ್ನು ನಾವು ವೈನಿ ಎನ್ನುತ್ತಿದ್ದೆವು. ಅವರ ಅತ್ತೆಯನ್ನು ಇಡೀ ಓಣಿ ಆಜಿ ಎನ್ನುತ್ತಿತ್ತು. ಬಾಡಿಗೆ ವೈನಿಯ ಕೈಗೆ ಹೋಗುತ್ತಿತ್ತು, ಮಾತು ಮಾತ್ರ ಆಜಿಯದೇ ನಡೆಯುತ್ತಿತ್ತು. ಅವರದೆಲ್ಲ ಮರಾಠಿ, ಇಲ್ಲಿ ನನ್ನ ಬಾಯಿಗೆ ಬರುವ ಹಾಗೆ ಬರೆದಿದ್ದೇನೆ. ನಮ್ಮನ್ನು ಒಳಗೆ ಬಿಟ್ಟ ದಿನವೇ ಆಜಿ ಹೇಳಿದ್ದರು.

"ಗೌರಿ ಹಬ್ಬದ ತನಕ ನೋಡ್ತೀನಿ. ನಿಮ್ಮ ರೀತಿ ಹ್ಯಾಂಗದ, ಹೊಲಸ ಮಾಡ್ತೀರೋ ಏನೋ. ದೌಂಡದಾಗ ನನ್ನ ತಂಗಿ ಮಗ ರೈಲ್ವೇದಾಗ ಇದ್ದಾನ. ಅವನ ಮಗನಿಗೆ ಇಲ್ಲಿ ಕೋಣಿ ಬೇಕಾಗ್ಯದ. ನೀವು ಸರಿ ಇರದಿದ್ರ ಹಬ್ಬದ ಮರುದಿನ ಅವನು ಬರ್ತಾನ."

ಹಬ್ಬಕ್ಕೂ ಸೊಸೆಯ ಹೆರಿಗೆಗೂ ನಡುವೆ ಹೆಚ್ಚು ಅಂತರ ಇರಲಿಲ್ಲ. ಹಬ್ಬದ ಮರುದಿನ ಹೊರಹಾಕಿದರೆ ಮತ್ತೆ ಆ ಶೆಡ್ಡೇ ಗತಿ. ಹೀಗಾಗಿ ನಾವಿಬ್ಬರೂ ಆ ಮನೆಯಲ್ಲಿ ಉಸಿರು ಬಿಗಿ ಹಿಡಿದು ಇದ್ದೆವು. ಬಚ್ಚಲ ಕಲ್ಲನ್ನು ದಿನಾ ಬೂದಿ ಹಾಕಿ ತಿಕ್ಕುತ್ತಿದ್ದೆ. ನಳದ ತುದಿಗೆ ಕಟ್ಟಿದ ಬಿಳಿ ಉಪ್ಪನ್ನು ನಿಂಬೆ ಹೋಳು ಹಚ್ಚಿಟ್ಟು ಬಿಡಿಸುತ್ತಿದ್ದೆ. ಆಜಿಗೆ ಎರಡೂ ಕಣ್ಣಿಗೆ ಮೋತಿಬಿಂದು. ಪೊರೆ ಬಂದು ಎಲ್ಲ ಮಸುಕು. ಆದರೂ ಕಾಲಿನಿಂದ ನೆಲ ಸವರಿ ಜಿಡ್ಡು ಇದೆಯೋ ಇಲ್ಲವೋ ಹೇಳುತ್ತಿದ್ದರು.

ಗೌರಿಯನ್ನು ಕರೆತರುವ ದಿನ ಬಂತು. ಪುಣೆಯವರ ಮನೆಯಲ್ಲಿ ಗಣಪತಿ ಕೂತ ಮೇಲೆ ಎರಡು ಗೌರಿಯರು ಬರುತ್ತಾರೆ, ಅಕ್ಕ ಮತ್ತು ತಂಗಿ. ಮುಖ ಮಾತ್ರ ಹಿತ್ತಾಳೆಯದು. ಅದನ್ನು ಒಂದು ಕಂಬದ ಮೇಲಿಟ್ಟು ಸೀರೆ ಉಡಿಸುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೇಟಿನಿಂದ ಒಳಗೆ ಕರೆದುಕೊಳ್ಳಬೇಕು. ಬೆಳಿಗ್ಗೆ ವೈನಿ ಹಬ್ಬದ ಹಿತ್ತಾಳೆ ಸಾಮಾನನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಸೊಸೆಯ ಮುಂದಿಟ್ಟರು. ದೀಪದ ಸಮೆ, ತಟ್ಟೆ, ಗಂಗಾಳ, ಆರತಿ, ಜೊತೆಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಆ ಎರಡು ಮುಖ. ತೊಳೆದಿಡು ಎಂದು ಹೇಳಿ ಹೂವು, ಸೊಪ್ಪು ತರಲು ಮಂಡಿಗೆ ಹೋದರು. ನಾನು ಬೇರೆ ಮನೆಗಳ ಕೆಲಸಕ್ಕೆ ಹೋಗಿದ್ದೆ.

ಮಧ್ಯಾಹ್ನ ಬಂದು ನೋಡಿದರೆ ಹಿತ್ತಲ ಕಲ್ಲಿನ ಮೇಲೆ ಸಾಮಾನೆಲ್ಲ ಸಾಲಾಗಿ ಇತ್ತು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕೆಲಸ ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ತಿಕ್ಕಿದ ಕೂಡಲೇ ಒಣಬಟ್ಟೆಯಿಂದ ಒರೆಸಿದ್ದಳು, ಒಂದು ಕಡೆಯೂ ಹಸಿರು ಕಲೆ ಕೂತಿರಲಿಲ್ಲ. ಕೊನೆಯಲ್ಲಿ ಗೌರಿಯರ ಎರಡು ಮುಖ. ಅವೂ ಹೊಳೆಯುತ್ತಿದ್ದವು. ಕೆನ್ನೆ, ಹಣೆ, ಗದ್ದ ಎಲ್ಲ ಒಂದೇ ಸಮ ಬಂಗಾರ.

"ಏನ್ ಮಾಡೀದಿ?" ಅಂದೆ.

"ತಿಕ್ಕೀನ್ರಿ ಅತ್ತಿ. ನೋಡ್ರಿ, ಹ್ಯಾಂಗ ಹೊಳಿಲಕತ್ತಾವ."

"ಕಣ್ಣ ಎಲ್ಲಿ?"

"ಯಾರ್ದು?"

"ಗೌರೀದು."

"ಕಣ್ಣಿನ ಮ್ಯಾಲ ಕಪ್ಪ ಕುಂತಿತ್ರಿ, ತೆಗದೀನಿ. ತುಟಿಗಿ ಕುಂಕುಮ ಮೆತ್ಕೊಂಡಿತ್ತು. ಅದು ಬಿಡ್ಲಕ್ಕ ಭಾಳ ತ್ರಾಸ ಕೊಡ್ತು. ಹುಣಸಿಹಣ್ಣಿನಾಗ ಇಟ್ಟಂಗಿ ಪುಡಿ ಕಲಸಿ ತಿಕ್ಕೀನಿ ನೋಡ್ರಿ, ಆವಾಗ ಬಂತು."

ಅವಳ ಮೇಲೆ ಸಿಟ್ಟು ಮಾಡಿ ಉಪಯೋಗ ಇರಲಿಲ್ಲ. ನಮ್ಮ ಕಡೆ ಮನೆದೇವರ ಹಿತ್ತಾಳೆ ಮುಖಕ್ಕೆ ಬಣ್ಣ ಇರುವುದಿಲ್ಲ. ಕಣ್ಣು, ಹುಬ್ಬು, ಮೂಗುತಿ ಎಲ್ಲ ಎರಕದಲ್ಲೇ ಬಂದಿರುತ್ತದೆ. ವರ್ಷವಿಡೀ ಎಣ್ಣೆ, ಕುಂಕುಮ ಮೆತ್ತಿಕೊಂಡು ಕಪ್ಪಾದದ್ದನ್ನು ಹಬ್ಬದ ಹಿಂದಿನ ದಿನ ಸೊಸೆಯಾದವಳು ಕೂತು ಹುಣಸೆಹಣ್ಣು ಹಾಕಿ ತಿಕ್ಕಬೇಕು. ಹೆಚ್ಚು ತಿಕ್ಕಿದಷ್ಟೂ ಹೆಚ್ಚು ಭಕ್ತಿ. ಇವರ ಗೌರಿಗೆ ಹಾಗಲ್ಲ. ನುಣ್ಣಗಿನ ಮುಖದ ಮೇಲೆ ಕಣ್ಣು, ಹುಬ್ಬು, ತುಟಿ ಬರೆಸಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮುಗಿಯಿತು. ಇದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ವೈನಿಗೆ ಇಷ್ಟು ಹೇಳಿಕೊಡಬೇಕು ಎಂದು ಅನಿಸಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ದೇವರ ಕಣ್ಣನ್ನು ಇಟ್ಟಿಗೆ ಪುಡಿ ಹಾಕಿ ತಿಕ್ಕುವವರು ಈ ಲೋಕದಲ್ಲಿ ಇರಲಿಲ್ಲ.

ಇಷ್ಟನ್ನು ಹೇಳಿದ ಕೂಡಲೇ ಸೊಸೆ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳು ಶುರುವಾಯಿತು.

"ಅಳಬ್ಯಾಡ. ಅತ್ರ ಕಣ್ಣ ಬರಂಗಿಲ್ಲ."

"ಕಾಡಿಗಿ ಹಚ್ಚಮೇನ್ರಿ ಅತ್ತಿ? ಸಣ್ಣ ಕಡ್ಡೀಲೆ ನಾನೇ ಹಚ್ತೀನಿ."

"ಆರತಿ ಝಳಕ್ಕ ಗಲ್ಲದ ಮ್ಯಾಲ ಇಳೀತದ. ಅಕ್ಕ ಒಂದ ಕಡಿ ನೋಡ್ತಾಳ, ತಂಗಿ ಒಂದ ಕಡಿ ನೋಡ್ತಾಳ. ಸುಮ್ಮ ಕೂಡು."

ಅಷ್ಟರಲ್ಲಿ ಒಳಗಿನಿಂದ ಆಜಿಯ ದನಿ ಬಂತು. ಊಟ ಮಾಡಿ ಮಲಗಿದ್ದವರು ಎದ್ದಿದ್ದರು.

"ಗೌರಿ ಮುಖ ಆದ್ವೇನು?"

"ಆಗ್ಯಾವ್ರಿ ಆಜಿ, ಒಣಗಸ್ಲಕತ್ತೀವಿ," ಅಂದೆ.

"ಒಣಗಿದ ಮ್ಯಾಲ ನನ್ನ ಹತ್ರ ತಂದಿಡ್ರಿ."

"ಸಂಜೀಕ ಗೇಟಿನಿಂದೇ ತರೋದದಲ್ರಿ. ಮತ್ತ್ಯಾಕ ಒಳಗ ಹೊರಗ ಮಾಡೋದು."

ಆಜಿ ಮತ್ತೆ ಮಲಗಿದ ಸಪ್ಪಳ ಕೇಳಿತು.

ಆಕುರ್ಡಿಗೆ ಹೋಗುವ ರಸ್ತೆಯಲ್ಲಿ ಗಣಪತಿ ಮಾಡಿ ಮಾರುವವನ ತಾಡಪತ್ರಿ ಮಂಟಪ ಇತ್ತು. ಕಣ್ಣು ಬರೆಯುವುದು ಅವನಿಗೆ ಗೊತ್ತು, ಆದರೆ ಗಣಪತಿ ಮಾರಾಟ ಮುಗಿದಿತ್ತು; ಅವನಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಖಗಳನ್ನು ಮೊರದಲ್ಲಿಟ್ಟು ಮೇಲೆ ಕೆಂಪು ಬಟ್ಟೆ ಹೊದಿಸಿದೆವು. ಹೊರುವುದು ಯಾರು ಎಂಬುದು ಮುಂದಿನ ಪ್ರಶ್ನೆ. ನಾನು ಗಂಡ ಸತ್ತವಳು. ಗೌರಿಯನ್ನು ನಾನು ಹೊತ್ತದ್ದು ಯಾರಾದರೂ ಕಂಡರೆ ಕಣ್ಣು ಹೋದದ್ದಕ್ಕಿಂತ ದೊಡ್ಡ ರಂಪ ಆಗುತ್ತಿತ್ತು. ಹೀಗಾಗಿ ಮೊರ ಸೊಸೆಯ ಕೈಗೆ ಬಂತು. ಮುಂದೆ ಹೊಟ್ಟೆ, ಅದರ ಮೇಲೆ ಮೊರ. ಹಿಂದಿನ ಬಾಗಿಲಿನಿಂದ ಹೊರಬಿದ್ದೆವು. ಅವಳ ಕಾಲು ಬಾತಿದ್ದವು. ಬೇಗ ನಡಿ ಎಂದು ಹೇಳುವ ಹಾಗಿಲ್ಲ, ನಿಧಾನ ಎನ್ನುವ ಹಾಗೂ ಇಲ್ಲ.

ಗಣಪತಿಯವನು ಇದ್ದ. ಮಂಟಪ ಬಿಚ್ಚಿ ಬಿದಿರುಗಳನ್ನು ಒಂದು ಕಡೆ ಹಾಕುತ್ತಿದ್ದ. ವಯಸ್ಸಾದವನು, ಅಕ್ಕಲಕೋಟ ಕಡೆಯವನು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿದ. ಬಟ್ಟೆ ಸರಿಸಿ ಎರಡೂ ಮುಖಗಳನ್ನು ಬೆಳಕಿಗೆ ಹಿಡಿದು ನೋಡಿದ.

"ಯಾವ ಪುಣ್ಯಾತ್ಗಿತ್ತಿ ತಿಕ್ಯಾಳವ್ವಾ ಇದನ್ನ?"

ಸೊಸೆ ನೆಲ ನೋಡಿದಳು.

"ಕೇಳಿ ಏನ್ ಮಾಡ್ತಿ. ಬರೀತಿಯೋ ಇಲ್ಲೋ ಹೇಳು," ಅಂದೆ.

"ಬರೀತೀನಿ. ಆದ್ರ ಈಗ ಬರದ್ರ ನಿಲ್ಲಂಗಿಲ್ಲ. ಹುಳಿ ಇನ್ನಾ ಅದರ ಮೈಯಾಗ ಅದ. ಹುಳಿ ಮ್ಯಾಲ ಬಣ್ಣ ಕೂಡಂಗಿಲ್ಲ, ನಾಳಿಗಿ ಹೊಪ್ಪಳಿ ಎದ್ದು ಉದರ್ತದ."

ಹುಳಿಗೆ ಸೋಡಾ. ಅದಕ್ಕೆ ಅವನನ್ನು ಕೇಳಬೇಕಾಗಿರಲಿಲ್ಲ. ರಸ್ತೆ ಆ ಬದಿಗೆ ಭಜಿ ಕರಿಯುವ ಗಾಡಿ ಇತ್ತು. ಹೋಗಿ ಒಂದು ಚಿಟಿಕೆ ಅಡುಗೆ ಸೋಡಾ ಕೇಳಿದೆ. ಗಾಡಿಯವನು ಕಾಗದದಲ್ಲಿ ಕಟ್ಟಿಕೊಟ್ಟು, "ಹೊಟ್ಟಿ ಉಬ್ಬರ್ಸ್ಯದೇನು ಮಾವಶಿ?" ಅಂದ. ಹೌದು ಅಂದೆ. ಸೋಡಾ ನೀರಿನಲ್ಲಿ ಕಲಸಿ ಎರಡೂ ಮುಖ ತೊಳೆದೆವು. ಬೆರಳಿನ ಜಿಡ್ಡು ಉಳಿಯಬಾರದೆಂದು ಗಣಪತಿಯವನು ಸೀಮೆಸುಣ್ಣದ ಪುಡಿ ಕೊಟ್ಟ. ಒಣಬಟ್ಟೆಯಲ್ಲಿ ಅದನ್ನು ತೆಗೆದುಕೊಂಡು ಉಜ್ಜಿದೆವು. ಈಗಲೂ ಹೇಳುತ್ತೇನೆ, ಹಿತ್ತಾಳೆಗೆ ಹುಣಸೆ ಹಾಕಿದವರು ಕೊನೆಗೆ ಸೋಡಾ ನೀರಲ್ಲಿ ಒಮ್ಮೆ ತೊಳೆಯಬೇಕು. ಇಲ್ಲದಿದ್ದರೆ ಮರುದಿನವೇ ಮಂಕಾಗುತ್ತದೆ.

ಅವನು ಕೂತು ಬರೆದ. ಮೊದಲು ಬಿಳಿ, ಮೇಲೆ ಕಪ್ಪು, ಕೊನೆಗೆ ಹುಬ್ಬು. ತುಟಿಗೆ ಕೆಂಪು. ಬಿಸಿಲು ಇಳಿಯುತ್ತಿತ್ತು. ನಾನು ಅವನ ಕೈ ನೋಡುವುದು ಬಿಟ್ಟು ರಸ್ತೆಯ ನೆರಳನ್ನೇ ನೋಡುತ್ತಿದ್ದೆ.

ಮುಗಿಸಿದ ಮೇಲೆ ಅವನು ಹೇಳಿದ. "ಎಣ್ಣಿ ಬಣ್ಣ ಇದು. ನಾಳಿ ಮುಂಜಾನಿ ತನಕ ಮುಟ್ಟಬ್ಯಾಡ್ರಿ. ಬಟ್ಟಿ ಹೊಚ್ಚಬ್ಯಾಡ್ರಿ."

"ಸಂಜೀಕ ಕರ್ಕೊಬೇಕಾಗ್ಯದ," ಅಂದೆ.

"ಕರ್ಕೊರಿ. ಕಣ್ಣ ಮಾತ್ರ ಮುಟ್ಟಬ್ಯಾಡ್ರಿ."

ಹೋಗುವಾಗ ಮುಚ್ಚಿಕೊಂಡು ಹೋಗಿದ್ದೆವು. ಬರುವಾಗ ಮುಚ್ಚುವ ಹಾಗಿರಲಿಲ್ಲ. ಎರಡು ಗೌರಿಯರು ಮೊರದಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತಾ ಬಂದರು. ಹಬ್ಬದ ದಿನ ಗೌರಿ ಎದುರು ಬಂದರೆ ಹೆಂಗಸರು ಬಿಡುತ್ತಾರೆಯೇ. ಒಬ್ಬಳು ಕುಂಕುಮದ ಬಟ್ಟಲು ಹಿಡಿದು ಓಡಿ ಬಂದಳು, ಇನ್ನೊಬ್ಬಳು ಚೊಂಬಿನಲ್ಲಿ ನೀರು ತಂದಳು. ನಾನು ಮುಂದೆ ನಡೆದು ಎರಡೂ ಕೈ ಅಡ್ಡ ಹಿಡಿದೆ.

"ಈಗ ಬ್ಯಾಡ್ರಿ, ಮನ್ಯಾಗ ಹಚ್ಚಿರಂತ. ನೀರ ಹಾಕಬ್ಯಾಡ್ರಿ, ಬಸುರಿ ಜಾರಿ ಬೀಳ್ತಾಳ."

"ಗೌರಿ ಮುಂದ ಈಕಿ ಯಾಕ ಹೊಂಟಾಳ?" ಎಂದು ಹಿಂದಿನಿಂದ ಒಬ್ಬಳು ಅಂದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ನನ್ನ ಬರಿ ಹಣೆ ನೋಡಿ ನಾಲ್ಕು ಜನ ದೂರ ಸರಿದರೆ ಅಷ್ಟು ಒಳ್ಳೆಯದೇ ಆಗಿತ್ತು.

ಸೊಸೆ ಎರಡು ಕಡೆ ನಿಂತಳು. ಒಮ್ಮೆ ಮೊರ ವಾಲಿತು. ನಾನು ಕೈ ಕೊಡಲಿಲ್ಲ, ಕೊಡುವಂತಿರಲಿಲ್ಲ. "ಹೊಟ್ಟಿಗಿ ಆನಿಸಿ ಹಿಡಿ" ಅಂದೆ. ಹಾಗೆ ಹಿಡಿದಳು.

ಹಿಂದಿನ ಬಾಗಿಲಿನಿಂದ ನುಸುಳಿ ಮುಖಗಳನ್ನು ಕಲ್ಲಿನ ಮೇಲಿಡಬೇಕು, ಆಮೇಲೆ ವೈನಿಯನ್ನು ಒಬ್ಬರನ್ನೇ ಕರೆದು ಹೇಳಬೇಕು ಎಂದುಕೊಂಡಿದ್ದೆ. ಅದು ನಡೆಯಲಿಲ್ಲ. ಓಣಿಯ ತಿರುವಿಗೆ ಬಂದಾಗಲೇ ಗೇಟಿನಲ್ಲಿ ವೈನಿ ನಿಂತಿದ್ದರು. ಹೊಸ ಸೀರೆ, ಕೈಯಲ್ಲಿ ಆರತಿ ತಟ್ಟೆ. ಗೇಟಿನಿಂದ ಒಳಗಿನವರೆಗೆ ಕುಂಕುಮದ ಹೆಜ್ಜೆಗಳನ್ನು ಬರೆದಾಗಿತ್ತು. ಪಕ್ಕದಲ್ಲಿ ಆಜಿ ಕೋಲು ಹಿಡಿದು ನಿಂತಿದ್ದರು. ಓಣಿಯ ಹೆಂಗಸರೂ ಕೂಡಿದ್ದರು. ಮುಖ ಎಲ್ಲಿ ಎಂದು ಮನೆಯೆಲ್ಲ ಹುಡುಕಿ ದಿಕ್ಕು ತೋಚದೆ ನಿಂತವರ ಮುಂದೆ ನಾವು ರಸ್ತೆಯಿಂದ ಗೌರಿಯರನ್ನು ಹೊತ್ತುಕೊಂಡು ಬಂದೆವು.

ವೈನಿ ಮೊರದೊಳಗೆ ನೋಡಿದರು. ಕಣ್ಣು ಹೊಸದು ಎಂದು ಅವರಿಗೆ ಕೂಡಲೇ ತಿಳಿಯಿತು. ಹುಬ್ಬಿನ ಬಾಗು ಬೇರೆ ಇತ್ತು. ನನ್ನ ಮುಖ ನೋಡಿದರು, ಆಮೇಲೆ ಅತ್ತೆಯ ಕಡೆ ನೋಡಿದರು. ಬಾಯಿ ಬಿಡಲಿಲ್ಲ. ಅವರೂ ಒಬ್ಬ ಸೊಸೆಯೇ.

"ಬಂದ್ರೇನು?" ಎಂದು ಆಜಿ ಕೇಳಿದರು.

"ಬಂದ್ರು ಆಯಿ," ಎಂದು ವೈನಿ ಅತ್ತೆಗೆ ಹೇಳಿದರು.

ಆಜಿ ಕೋಲನ್ನು ಗೇಟಿಗೆ ಒರಗಿಸಿ ಮುಂದೆ ಬಂದರು. ಕಣ್ಣು ಕಾಣದವರು ನೋಡುವುದು ಕೈಯಿಂದಲೇ. ಎರಡೂ ಅಂಗೈ ಅಗಲಿಸಿ, ಮುಖ ಸವರಿ ದೃಷ್ಟಿ ತೆಗೆಯಲು ಹಿರಿಯ ಗೌರಿಯ ಮೇಲೆ ಬಾಗಿದರು.

ಸುಮ್ಮನಿದ್ದರೆ ನಮ್ಮ ಕೋಣೆ ಉಳಿಯುತ್ತಿತ್ತು. ಕಣ್ಣು ಅಳಿಸಿದ್ದು ಆಜಿಯ ಕೈ ಎಂದು ಎಲ್ಲರ ಎದುರಿಗೇ ಆಗುತ್ತಿತ್ತು. ಹಳೆಯ ಬಣ್ಣ, ಮುದುಕಿಯ ಎಣ್ಣೆಗೈ ಎಂದುಕೊಳ್ಳುತ್ತಿದ್ದರು. ನಮ್ಮ ಕಡೆ ಯಾರೂ ನೋಡುತ್ತಿರಲಿಲ್ಲ. ವೈನಿಯೂ ಅದನ್ನೇ ಎಣಿಸಿರಬೇಕು, ಅವರ ತಟ್ಟೆ ಅಲುಗಲಿಲ್ಲ.

"ಹಸಿ ಅದಾವ್ರಿ ಆಜಿ," ಅಂದೆ. "ಕಣ್ಣ ಹಸಿ ಅದಾವ. ಮುಟ್ಟಬ್ಯಾಡ್ರಿ."

ಯಾಕೆ ಅಂದೆ ಎಂದು ಆಮೇಲೆ ಮಗ ಕೇಳಿದ. ದೊಡ್ಡ ಕಾರಣ ಏನಿಲ್ಲ. ಅಷ್ಟು ತೊಳೆದು, ಉಜ್ಜಿ, ಬರೆಸಿ, ಹೊತ್ತು ತಂದದ್ದು ನನ್ನ ಕಣ್ಣ ಮುಂದೆ ಹಾಳಾಗುವುದನ್ನು ನೋಡಲು ಆಗಲಿಲ್ಲ.

ಆಜಿಯ ಕೈ ಗಾಳಿಯಲ್ಲಿ ನಿಂತಿತು. "ಹಸಿ?"

"ತಿಕ್ಕುವಾಗ ಹಳೀ ಕಣ್ಣ ಹೋದವ್ರಿ. ಹೊಸಾವ ಬರಸ್ಕೊಂಡ ಬಂದೀವಿ. ನಾಳಿ ಮುಂಜಾನಿಗಿ ಒಣಗ್ತಾವ."

"ಯಾರ ತಿಕ್ಕಿದ್ರು?"

"ನಾವು ಇಬ್ಬರೇ ಅದೀವ್ರಿ. ಯಾರ ತಿಕ್ಕಿದ್ರೂ ಅಷ್ಟೇ."

"ಕುರುಡಿ ಅದಾಳ, ಗೊತ್ತಾಗಂಗಿಲ್ಲ ಅಂತ ಮುಚ್ಚಿಟ್ಟಿದ್ರಿ."

"ಹೌದ್ರಿ."

"ಈಗ ಯಾಕ ಹೇಳ್ತಿ?"

"ನಿಮ್ಮ ಕೈಗಿ ಕಪ್ಪ ಹತ್ತತಿತ್ರಿ."

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು, ಕೂಡಲೇ ಸೆರಗು ಬಾಯಿಗಿಟ್ಟುಕೊಂಡಳು. ಆಜಿ ಕೈ ಹಿಂದಕ್ಕೆ ತೆಗೆದು ತಮ್ಮ ಸೀರೆಗೆ ಒರೆಸಿಕೊಂಡರು, ಬಣ್ಣ ಹತ್ತದಿದ್ದರೂ. ಆಮೇಲೆ ವೈನಿಗೆ ಹೇಳಿದರು.

"ಮೊರ ತಗೋ. ಆ ಬಸುರಿ ಎಷ್ಟೊತ್ತು ಹೊತ್ಕೊಂಡು ನಿಂದರ್ತಾಳ. ದೀಪದ ಹೊತ್ತಾಯ್ತು."

ಗೌರಿಯರು ಒಳಗೆ ಹೋದರು. ನಾವು ಗೇಟಿನ ಹೊರಗೇ ಉಳಿದೆವು. ಇರಬೇಕೋ ಹೋಗಬೇಕೋ ಯಾರೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವೈನಿ ಹೊರಗೆ ಬಂದು, ಕುಂಕುಮಕ್ಕೆ ಬರುವ ಹೆಂಗಸರು ಗೌರಿಯ ಮುಖ ಮುಟ್ಟದ ಹಾಗೆ ಬಾಗಿಲಲ್ಲಿ ಕೂತು ಹೇಳಬೇಕಂತೆ, ಆಜಿಯ ಅಪ್ಪಣೆ, ಅಂದರು. ನಾನು ಕೂತೆ. ಬಂದವರಿಗೆಲ್ಲ ಕಣ್ಣ ಹಸಿ ಅದಾವ, ಕಣ್ಣ ಹಸಿ ಅದಾವ ಎಂದು ಹೇಳಿದೆ. ಇಡೀ ಓಣಿಗೆ ನಮ್ಮ ಸುದ್ದಿ ನಮ್ಮ ಬಾಯಿಂದಲೇ ಹೋಯಿತು. ಆಜಿಗೆ ಬೇಕಾಗಿದ್ದುದೂ ಅದೇ ಇರಬೇಕು.

ಗೌರಿಯರು ಇದ್ದಷ್ಟು ದಿನ ಕೋಣೆಯ ಮಾತು ಬರಲಿಲ್ಲ. ಸೊಸೆ ಅನ್ನದ ಮುಂದೆ ಕೂತು ಏಳುತ್ತಿದ್ದಳು. ನಾನು ಬೈದು ತಿನ್ನಿಸಿದೆ. ಬಟ್ಟೆಬರೆ ಗಂಟು ಕಟ್ಟಿ ಮೂಲೆಯಲ್ಲಿಟ್ಟಿದ್ದೆ; ಅವಳಿಗೆ ಕಾಣದಿರಲೆಂದು ಮೇಲೆ ಚಾಪೆ ಹಾಕಿದ್ದೆ.

ಗೌರಿಯರನ್ನು ಕಳಿಸಿದ ಮರುದಿನ ಆಜಿ ನನ್ನನ್ನು ಕರೆಸಿದರು. ಮಂಚದ ಮೇಲೆ ಕೂತಿದ್ದರು. ಮುಖಗಳು ಅವರ ತೊಡೆಯ ಮೇಲಿದ್ದವು. ಬೆರಳಿನಿಂದ ಹೊಸ ಹುಬ್ಬನ್ನು ಮುಟ್ಟಿ ನೋಡುತ್ತಿದ್ದರು.

"ಬಣ್ಣ ಕೂತದ," ಅಂದರು.

"ಕೂಡ್ತದ್ರಿ. ಸೋಡಾ ಹಾಕಿ ತೊಳದೀವಿ."

"ನನ್ನ ಹಿತ್ತಾಳಿ ಸಾಮಾನು ಇನ್ನ ನಿಮ್ಮ ಕೈಗಿ ಕೊಡಂಗಿಲ್ಲ."

"ಬ್ಯಾಡ್ರಿ."

"ಕೂಸು ಹುಟ್ಟಿ ಹೆಸರಿಡೋ ತನಕ ಇರ್ರಿ. ಆಮ್ಯಾಲ ತಂಗಿ ಮೊಮ್ಮಗನಿಗೆ ಕೋಣಿ ಬೇಕು."

ನಾನು ಕೈ ಮುಗಿಯಲಿಲ್ಲ, ಅವರೂ ಅದನ್ನು ಕಾಯಲಿಲ್ಲ. ಹೊರಗೆ ಬಂದು ಸೊಸೆಗೆ ಹೇಳಿ ಗಂಟು ಬಿಚ್ಚಿದೆ. ಆಮೇಲೆ ಬಿಡಬೇಕಲ್ರಿ ಅಂದಳು. ಆಮ್ಯಾಲಿಂದು ಆಮ್ಯಾಲ, ಈಗ ಉಣ್ಣು ಅಂದೆ.

ಮಗು ಸರಕಾರಿ ಆಸ್ಪತ್ರೆಯಲ್ಲಿ ಹುಟ್ಟಿ ಆ ಕೋಣೆಗೇ ಬಂತು. ಹೆಣ್ಣು. ಗೋಡೆ ತಂಪಾಗಿತ್ತು, ನಳದಲ್ಲಿ ನೀರಿತ್ತು. ದಿನಾ ಎಣ್ಣೆ ಹಚ್ಚಿ, ನೀರು ಹಾಕಿ ಮಲಗಿಸಿದೆ. ಕೂಗು ಜೋರಿತ್ತು, ಆಜಿ ಗೋಡೆಯಾಚೆಯಿಂದ "ಹಾಲು ಕುಡಿಸ್ರಿ" ಎಂದು ಬೈಯುತ್ತಿದ್ದರು. ಹೆಸರಿಟ್ಟ ಮೇಲೆ ನಾವಾಗಿಯೇ ಹೊರಟೆವು. ನಿಗಡಿಯ ಇನ್ನೊಂದು ತುದಿಯಲ್ಲಿ ಮಗ ಕೋಣೆ ಹುಡುಕಿದ್ದ. ಅದಕ್ಕೂ ಗೋಡೆ ಇತ್ತು.

ಹೊರಡುವ ಬೆಳಿಗ್ಗೆ ನೆಲದ ಮೇಲೆ ಕಡಲೆಹಿಟ್ಟು ಉದುರಿಸಿ ಅಂಗೈಯಿಂದ ಉಜ್ಜುತ್ತಿದ್ದೆ. ವೈನಿ ಬಾಗಿಲಲ್ಲಿ ಬಂದು ನಿಂತರು.

"ಇಷ್ಟ್ಯಾಕ ತಿಕ್ತೀರಿ? ಹ್ಯಾಂಗೂ ನಾವು ಸುಣ್ಣ ಹೊಡಸಿ, ನೆಲ ತೊಳಸೋರಿದೀವಿ."

"ಕೂಸಿನ ಎಣ್ಣಿ ಬಿದ್ದು ಬಿದ್ದು ಜಿಡ್ಡ ಹಿಡದದ್ರಿ ವೈನಿ. ಬರೇ ನೀರಿಗಿ ಹೋಗಂಗಿಲ್ಲ. ಆಜಿ ಕಾಲ ಜಾರ್ತಾರ," ಅಂದೆ. ಹಿಟ್ಟು ಎಣ್ಣೆ ಹೀರಿ ಗಟ್ಟಿಯಾಗಿತ್ತು. ಅದನ್ನು ಗುಡಿಸಿ ತೆಗೆದು, ಇನ್ನೊಂದು ಹಿಡಿ ಉದುರಿಸಿದೆ.